ಅಮಾವಾಸ್ಯೆಯ ಡೆವಿಲ್ಡ್ ಎಗ್ಸ್

ಬಾಯಿಂದ ಹೊರಬಿದ್ದ ಮಾತನ್ನು ಒಂದಲ್ಲ ಒಂದು ದಿನ ಬೇಯಿಸಿ ಬಡಿಸಬೇಕಾಗುತ್ತದೆ ಎಂದು ನನಗೆ ತಿಳಿದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಅದೂ ಒಂದು ಡಜನ್ ಮೊಟ್ಟೆಗಳ ದೆಸೆಯಿಂದ. ಅವಸರ ಮಾಡದೆ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ನಮ್ಮ ಯಜಮಾನರು ಇದೇ ಸಂಗತಿಯನ್ನು ನೆಂಟರಿಗೆ ಹೇಳುವಾಗ ಬಸ್ಸಿನಿಂದ ನಾಲ್ಕು ಜನ ಹಾರಿದರು ಎನ್ನುತ್ತಾರೆ. ಯಾರೂ ಹಾರಲಿಲ್ಲ. ಒಬ್ಬರು ಇಳಿದರು, ಅದೂ ಮೆಟ್ಟಿಲ ಮೇಲೆ ಕಾಲಿಟ್ಟೇ ಇಳಿದರು.

ಆನೇಮಹಲ್ ಹತ್ತಿರದ ದೊಡ್ಡ ಎಸ್ಟೇಟಿನ ವಿಮಲಮ್ಮನವರ ಬಂಗಲೆಯಲ್ಲಿ ತಿಂಗಳಿಗೊಮ್ಮೆ ಹೆಂಗಸರ ಕೂಟ ಸೇರುತ್ತದೆ. ನಮ್ಮದು ಹಾನುಬಾಳಿನ ಪಕ್ಕದ ಹಳ್ಳಿಯಲ್ಲಿ ಮೂರೂವರೆ ಎಕರೆ ಕಾಫಿ, ಒಂದಿಷ್ಟು ಗದ್ದೆ. ನನ್ನ ಮಗಳು ಅವರ ತಂಗಿಯ ಮಗಳ ಜೊತೆ ಓದುತ್ತಿದ್ದುದರಿಂದ ನನಗೂ ಒಮ್ಮೆ ಕರೆ ಬಂತು. ಅಲ್ಲಿಯ ಪದ್ಧತಿ ಏನೆಂದರೆ, ಹೊಸದಾಗಿ ಸೇರುವವರು ಎರಡನೇ ಸಲ ಬರುವಾಗ ತಾವೇ ಮಾಡಿದ ಒಂದು ತಿಂಡಿ ತರಬೇಕು. ಅದು ಎಲ್ಲರಿಗೂ ಒಪ್ಪಿಗೆಯಾದರೆ ಹೆಸರು ಪಟ್ಟಿಗೆ ಸೇರುತ್ತದೆ. ನನಗೆ ಆ ಪಟ್ಟಿಯಲ್ಲಿ ಸೇರಲೇಬೇಕು ಅನ್ನಿಸಿತು. "ನೀವು ಕಡುಬು ತಂದ್ಬಿಡಿ, ಸುಲಭ," ಎಂದು ಒಬ್ಬರು ಪ್ರೀತಿಯಿಂದಲೇ ಹೇಳಿದರು. ಆ 'ಸುಲಭ' ಎಂಬ ಮಾತು ಎಲ್ಲಿಗೆ ತಾಗಿತೋ ಏನೋ, ನನ್ನ ಬಾಯಿ ನನ್ನನ್ನು ಕೇಳದೆ, "ಇಲ್ಲ, ಡೆವಿಲ್ಡ್ ಎಗ್ಸ್ ತರ್ತೀನಿ," ಎಂದುಬಿಟ್ಟಿತು.

ನಾನು ಆ ಪದಾರ್ಥವನ್ನು ತಿಂದವಳಲ್ಲ, ಓದಿದವಳು. ಸಕಲೇಶಪುರದ ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುತ್ತಾ, ದವಡೆ ಒತ್ತಿ ಹಿಡಿದುಕೊಂಡು, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅದರ ಬಣ್ಣದ ಚಿತ್ರ ನೋಡಿದ್ದೆ. ಬೇಯಿಸಿದ ಮೊಟ್ಟೆಯನ್ನು ಸೀಳಿ, ಹಳದಿ ತೆಗೆದು, ಅದಕ್ಕೆ ಸೊಪ್ಪು ಬೆರೆಸಿದ ಮೆತ್ತನೆಯ ಚೀಸ್ ಸೇರಿಸಿ ಕಲಸಿ, ಮತ್ತೆ ಬಿಳಿಯ ಭಾಗದ ಗುಳಿಯೊಳಗೆ ತುಂಬಿ, ಮೇಲೆ ಕೆಂಪು ಪುಡಿ ಉದುರಿಸಬೇಕು. ಹಲ್ಲು ನೋಯುವಾಗ ಓದಿದ್ದು ಮರೆಯುವುದಿಲ್ಲ.

ಚೀಸ್ ಹುಡುಕಿಕೊಂಡು ಸಕಲೇಶಪುರದ ಅಂಗಡಿಗಳನ್ನೆಲ್ಲ ಸುತ್ತಿದೆ. ಇದ್ದದ್ದು ಡಬ್ಬಿಯ ಗಟ್ಟಿ ಚೀಸ್ ಒಂದೇ. "ಮೆತ್ತಗಿರೋದು ಇಲ್ವಾ?" ಎಂದರೆ ಅಂಗಡಿಯವನು, "ಒಲೆ ಪಕ್ಕದಲ್ಲಿ ಮಡಗಿ ಅಮ್ಮಾ, ತಾನೇ ಮೆತ್ತಗಾಯ್ತದೆ," ಎಂದ. ನಾನು ಸೋಲುವವಳಲ್ಲ. ಎಮ್ಮೆಯ ಗಟ್ಟಿ ಮೊಸರನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಹಿತ್ತಲ ತೊಲೆಗೆ ನೇತುಹಾಕಿದೆ. ಯಜಮಾನರು ಬಂದು ನೋಡಿ, "ನನ್ನ ಪಂಚೇಲಿ ಯಾರನ್ನೇ ನೇಣಿಗೆ ಹಾಕಿದೀಯ?" ಎಂದರು. ನೀರೆಲ್ಲ ಇಳಿದು ಬೆಣ್ಣೆಯ ಹಾಗಾದ ಮೊಸರಿಗೆ ಸಬ್ಬಸಿಗೆ, ಕೊತ್ತಂಬರಿ, ಒಂದೆಸಳು ಬೆಳ್ಳುಳ್ಳಿ, ಉಪ್ಪು, ನಮ್ಮ ತೋಟದ್ದೇ ಕರಿಮೆಣಸು ಸೇರಿಸಿದೆ. ಚೆನ್ನಾಗಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಾಕ್ಷಿಯಾಗಿ ಹೇಳುತ್ತಿದ್ದೇನೆ.

ಕೈಕೊಟ್ಟದ್ದು ಮೊಟ್ಟೆ. ಬಂಗಲೆಗೆ ಒಯ್ಯುವುದಲ್ಲವೇ ಎಂದು ನಮ್ಮ ಕೋಳಿಗಳು ಆ ಬೆಳಿಗ್ಗೆಯೇ ಇಟ್ಟ ಆರು ಮೊಟ್ಟೆ ಬೇಯಿಸಿದೆ. ಸಿಪ್ಪೆಯ ಜೊತೆಗೆ ಅರ್ಧ ಮೊಟ್ಟೆಯೇ ಕಿತ್ತು ಬಂತು. ಮನೆಗೆಲಸಕ್ಕೆ ಬರುವ ಸಣ್ಣಮ್ಮ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಅವಳು ಪಾತ್ರೆ ಉಜ್ಜುತ್ತಲೇ ನಕ್ಕಳು. "ಇವತ್ತಿಕ್ಕಿದ್ ಮೊಟ್ಟೆ ಇವತ್ತೇ ಸುಲಿಯಾಕೆ ಬಂದಾತಾ ಅಮ್ಮಾವ್ರೇ? ಒಂದ್ ವಾರ ಹಳೇದಾಗ್ಬೇಕು." ಕೊನೆಗೆ ಅಂಗಡಿಯಲ್ಲಿ ಎಷ್ಟೋ ದಿನದಿಂದ ಕೂತಿದ್ದ ಹನ್ನೆರಡು ಮೊಟ್ಟೆ ಬಂದವು. ಅವು ಮುಟ್ಟಿದರೆ ಸಿಪ್ಪೆ ಬಿಟ್ಟವು.

"ಏನಿದ್ರ ಹೆಸ್ರು?" ಎಂದಳು ಸಣ್ಣಮ್ಮ. ಹೇಳಿದೆ. "ಅಂಗಂದ್ರೆ?" ಡೆವಿಲ್ ಅಂದರೆ ದೆವ್ವ, ಖಾರ ಇರೋದಕ್ಕೆ ಹಾಗನ್ನುತ್ತಾರೆ ಎಂದೆ. ಅವಳ ಕೈ ನಿಂತಿತು. "ದೆವ್ವದ್ ಮೊಟ್ಟೆನ ಅಮಾಸೆ ದಿನವೇ ಮಾಡ್ಬೇಕಿತ್ತಾ?" ನಾನು ಕ್ಯಾಲೆಂಡರಿನಲ್ಲಿ ಸೋಮವಾರವಲ್ಲ, ಶನಿವಾರವಲ್ಲ, ಮೊಟ್ಟೆ ತಿನ್ನಬಹುದು ಎಂದಷ್ಟೇ ನೋಡಿದ್ದೆ. ಅಮಾವಾಸ್ಯೆಯ ಕಪ್ಪು ಬೊಟ್ಟು ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ಕೂಟ ಇದ್ದದ್ದು ಅವತ್ತೇ. ಜಾರದಿರಲಿ ಎಂದು ಪರಾತಕ್ಕೆ ಬಾಳೆಲೆ ಹಾಸಿ, ಹಳದಿ ಕಲಸಿ ತುಂಬಿದ ಇಪ್ಪತ್ತನಾಲ್ಕು ಹೋಳುಗಳನ್ನು ಸುತ್ತಲೂ ಜೋಡಿಸಿ, ಖಾರದ ಪುಡಿ ಉದುರಿಸಿ, ಚಿತ್ರದಲ್ಲಿದ್ದಂತೆ ನಡುವೆ ಎರಡು ನಿಂಬೆಹೋಳು ಇಟ್ಟೆ. ಸಣ್ಣಮ್ಮ ನೋಡಿದಳು, ಹೋಗಿ ಕೈಕಾಲು ತೊಳೆದುಕೊಂಡಳು. ಆಗಲಾದರೂ ನನಗೆ ತಿಳಿಯಬೇಕಿತ್ತು.

ಸ್ಕೂಟರಿನಲ್ಲಿ ಪರಾತ ನಿಲ್ಲುವುದಿಲ್ಲವೆಂದು ಬಸ್ಸಿಗೆ ಹೊರಟೆ. ಬಸ್ಸು ನಿಲ್ಲುವುದು ಮೂರು ರಸ್ತೆ ಕೂಡುವ ಕಡೆ. ಚಪ್ಪಲಿಯ ಬಾರು ಸರಿ ಮಾಡಿಕೊಳ್ಳಲು ಪರಾತವನ್ನು ಮೋರಿಯ ಕಟ್ಟೆಯ ಮೇಲೆ ಇಟ್ಟೆ. ಗಾಳಿ ಬೀಸಿ ಮುಚ್ಚಿದ್ದ ಬಟ್ಟೆ ಹಾರಿತು, ನಾನು ಅದರ ಹಿಂದೆ ಓಡಿದೆ. ಹೆಚ್ಚೆಂದರೆ ಹದಿನೈದು ಹೆಜ್ಜೆ. ತಿರುಗಿ ನೋಡಿದಾಗ ಬಂದು ನಿಂತ ಬಸ್ಸಿನ ಜನವೆಲ್ಲ ಕಿಟಕಿಯಿಂದ ಇಣುಕುತ್ತಿದ್ದರು. ಒಂದು ಜೀಪು ಚರಂಡಿಯವರೆಗೆ ಬಳಸಿಕೊಂಡು ಹೋಯಿತು. ಒಬ್ಬ ಮುದುಕ ಎದೆಗೆ ಮೂರು ಸಲ ಉಗುಳಿಕೊಂಡ. ಅವರ ಕಣ್ಣಿನಿಂದ ನಾನೂ ಆಗ ಮೊದಲ ಸಲ ನೋಡಿದೆ. ಅಮಾವಾಸ್ಯೆ, ಮೂರು ದಾರಿ, ಬಾಳೆಲೆ, ಸೀಳಿದ ಮೊಟ್ಟೆ, ನಿಂಬೆಹಣ್ಣು, ಕೆಂಪು ಪುಡಿ. ದೃಷ್ಟಿ ನಿವಾಳಿಸಿ ಎಸೆಯುವವರು ಕೂಡ ಇಷ್ಟು ಅಚ್ಚುಕಟ್ಟಾಗಿ ಜೋಡಿಸುವುದಿಲ್ಲ.

ನಾನು ಪರಾತಕ್ಕೆ ಕೈ ಹಾಕಿದ್ದೇ ತಡ, ಕಂಡಕ್ಟರ್ ಕೂಗಿದ. "ಅಮ್ಮೋ! ಮುಟ್ಬ್ಯಾಡಿ ಕಣ್ರೀ! ಯಾರೋ ನಿವಾಳ್ಸಿ ಇಟ್ಬುಟ್ಟವ್ರೆ!"

"ಯಾರೋ ಅಲ್ಲಪ್ಪ, ನಾನೇ ಇಟ್ಟಿದ್ದು," ಎಂದೆ. ಅದು ನಿಜವಾಗಿತ್ತು, ಆದರೆ ಹೇಳಬಾರದಿತ್ತು. ಅವನು ಒಂದು ಮೆಟ್ಟಿಲು ಮೇಲೆ ಹತ್ತಿ ನಿಂತ. "ಇದು ತಿಂಡಿ, ಡೆವಿಲ್ಡ್ ಎಗ್ಸ್," ಎಂದೆ.

ಒಳಗಿನಿಂದ ಯಾರೋ, "ಡೆವಿಲ್ಲು ಅಂತ ಅವ್ರೇ ಒಪ್ಕತಾವ್ರಲ್ಲೋ ಮಾರಾಯ," ಎಂದರು. ಮುಂದಿನ ಸೀಟಿನವರೊಬ್ಬರು ಚೀಲ ಎತ್ತಿಕೊಂಡು ಇಳಿದದ್ದು ಆಗಲೇ.

ಈ ಬಸ್ಸು ತಪ್ಪಿದರೆ ಕೂಟ ತಪ್ಪುತ್ತದೆ, ಪಟ್ಟಿಯೂ ತಪ್ಪುತ್ತದೆ. ನಾನು ಒಂದು ಹೋಳು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಪೂರ್ತಿ ಬಾಯಿಗಿಟ್ಟುಕೊಂಡು ತಿಂದೆ. ಕಂಡಕ್ಟರ್ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಇನ್ನೊಂದ್ ತಿನ್ನಿ," ಎಂದ. ತಿಂದೆ. "ಹತ್ತಿ. ಹಿಂದಿನ್ ಸೀಟ್ಗೆ ಹೋಗಿ," ಎಂದ. ಸಕಲೇಶಪುರದವರೆಗೆ ಆ ಉದ್ದನೆಯ ಸೀಟಿನಲ್ಲಿ ನಾನು, ಪರಾತ, ಇಬ್ಬರೇ.

ಅಲ್ಲಿಂದ ಆಟೋ ಸಿಗುವುದು ತಡವಾಗಿ, ನನಗಿಂತ ಮೊದಲು ಸುದ್ದಿಯೇ ಬಂಗಲೆ ಮುಟ್ಟಿತ್ತು. ಊರಿಗೆ ಹೋಗಿದ್ದ ವಿಮಲಮ್ಮನವರ ಅಡುಗೆಯವಳು ಅದೇ ಬಸ್ಸಿನಲ್ಲಿದ್ದಳಂತೆ. ಕೇಕು, ಪಫ್‌ಗಳ ನಡುವೆ ನನ್ನ ಪರಾತ ಇಟ್ಟೆ. ಎಲ್ಲರೂ "ಬ್ಯೂಟಿಫುಲ್" ಎಂದರು, ಯಾರೂ ಮುಟ್ಟಲಿಲ್ಲ. ಆಗ ವಿಮಲಮ್ಮನವರು ಎದ್ದು ಬಂದು ಒಂದು ತೆಗೆದು ತಿಂದರು. ಕಣ್ಣು ಮುಚ್ಚಿ ಅಗಿದರು. ಇನ್ನೊಂದು ತೆಗೆದರು. ಆಮೇಲೆ ಉಳಿದವರ ಕೈಗಳೂ ಬಂದವು, ಪರಾತ ಖಾಲಿಯಾಯಿತು. ಕಡುಬಿನ ಸಲಹೆ ಕೊಟ್ಟವರೇ ಮೂರು ತಿಂದರು. ಗೆದ್ದೆ ಅಂದುಕೊಂಡೆ.

ವಿಮಲಮ್ಮನವರು ಮೆಲ್ಲಗೆ ನನ್ನ ಮೊಣಕೈ ಹಿಡಿದು ಸ್ಟೋರ್ ರೂಮಿಗೆ ಕರೆದೊಯ್ದು ಬಾಗಿಲು ಹಾಕಿದರು. ಅವರ ಇಂಗ್ಲಿಷು ಬಾಗಿಲ ಆಚೆಯೇ ಉಳಿಯಿತು, 'ನೀವು' ಹೋಗಿ 'ನೀನು' ಬಂತು. "ಲಲಿತಾ, ನಮ್ಮ ಮೊಮ್ಮಗು ಮೂರು ದಿನದಿಂದ ಸರಿಯಾಗಿ ಹಾಲು ಕುಡೀತಿಲ್ಲ ಕಣೇ. ಡಾಕ್ಟ್ರು ಏನೂ ಇಲ್ಲ ಅಂತಾರೆ. ಸ್ವಲ್ಪ ನಿವಾಳಿಸಿಕೊಡು." ಅವರ ಕೈಯಲ್ಲಿ ಒಂದು ಹಸಿ ಮೊಟ್ಟೆ ಇತ್ತು.

"ಅಯ್ಯೋ, ನಂಗೆ ಅದೆಲ್ಲ ಬರಲ್ಲ ಅಕ್ಕ."

"ಸುಮ್ನಿರೇ. ಬಸ್ಸಿನ ತುಂಬಾ ಜನದೆದುರು ಎರಡು ತಿಂದು ಅರಗಿಸಿಕೊಂಡಳಂತೆ, ಇವಳಿಗೆ ಬರಲ್ವಂತೆ!"

ಮಗುವನ್ನು ಅಲ್ಲಿಗೇ ತರಿಸಿದರು, ನಿವಾಳಿಸಿದೆ. ಮಗು ನನ್ನ ಬಳೆಗಳನ್ನು ನೋಡಿ ನಕ್ಕಿತು. ಅರ್ಧ ಗಂಟೆಯ ನಂತರ ಹಾಲು ಕುಡಿಯಿತು. ಬಹುಶಃ ಹಸಿದಿತ್ತು. ಅವತ್ತೇ ನನ್ನ ಹೆಸರು ಪಟ್ಟಿಗೆ ಸೇರಿತು.

ಈಗಲೂ ಪ್ರತಿ ತಿಂಗಳು ಹೋಗುತ್ತೇನೆ. ಉಳಿದವರೆಲ್ಲ ಪೈಪೋಟಿಯ ಮೇಲೆ ತಿಂಡಿ ಮಾಡಿ ತರುತ್ತಾರೆ. ನನಗೆ ಮಾತ್ರ, "ನೀವು ಸುಮ್ಮನೆ ಬನ್ನಿ," ಎನ್ನುತ್ತಾರೆ. ತಿಂಡಿಗೆ ಮೊದಲು ಸ್ಟೋರ್ ರೂಮಿನಲ್ಲಿ ಇಬ್ಬರೋ ಮೂವರೋ ಕಾದಿರುತ್ತಾರೆ, ಮೊಟ್ಟೆ ಅವರೇ ತಂದಿರುತ್ತಾರೆ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೂ ವಹಿಸಿಕೊಂಡ ಕೆಲಸ ತಪ್ಪಾಗಬಾರದಲ್ಲ. ಅದಕ್ಕೆ ಸಣ್ಣಮ್ಮನ ಹತ್ತಿರ ಕೂತು ಸರಿಯಾದ ಕ್ರಮ ಕಲಿತಿದ್ದೇನೆ. ಮೊದಲ ಮಗುವಿಗೆ ನಾನು ಎಡದಿಂದ ಬಲಕ್ಕೆ ಸುತ್ತಿದ್ದೆ, ಅದು ತಪ್ಪಂತೆ.