ಒಂಟಿ ಸೀನಿಗೆ ನಲವತ್ತು ದಿನದ ಕಷಾಯ

ನನ್ನ ಮೂಗಿನ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಇಲ್ಲದಿರುವುದು ನನಗೊಬ್ಬನಿಗೇ. ಇಟ್ಟುಕೊಳ್ಳಲು ಯಾರೂ ಬಿಟ್ಟಿಲ್ಲ.

ನಾನು ಶಿವಮಲ್ಲಪ್ಪ. ನಂಜನಗೂಡಿನ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಹಳೇ ಪಹಣಿ, ಜಿರಲೆ, ಧೂಳು ಇವುಗಳ ಜೊತೆ ಸಂಸಾರ ಮಾಡುತ್ತಿದ್ದೇನೆ. ಅಷ್ಟು ಧೂಳಿನಲ್ಲೂ ಒಂದು ದಿನವೂ ಸೀನಿದವನಲ್ಲ. ಆದರೆ ಟೆನ್ಷನ್ ಆಯಿತೋ, ಮುಗಿಯಿತು. ಮೊದಲು ಎಡಗಡೆ ಹೊಳ್ಳೆ ಚುರುಗುಟ್ಟುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ 'ಆಕ್ಷೀ!' ಒಂದೇ ಒಂದು. ಎರಡು ಬಂದಿದ್ದರೆ ನಾನು ಇಷ್ಟೆಲ್ಲ ಹೇಳಿಕೊಳ್ಳಬೇಕಾಗಿಯೇ ಇರಲಿಲ್ಲ. ಜೋಡಿ ಸೀನು ಶುಭ, ಒಂಟಿ ಸೀನು ಅಪಶಕುನ ಅಂತ ನಮ್ಮ ಕಡೆ ತೊಟ್ಟಿಲ ಮಗುವಿಗೂ ಗೊತ್ತು.

ನನ್ನ ಮಗಳು ನಯನಳನ್ನು ನೋಡಲು ಮೊದಲು ಕಳಲೆಯಿಂದ ಬಂದರು. ಎಲ್ಲ ಒಪ್ಪಿಗೆಯಾಗಿ, ಗಂಡಿನ ದೊಡ್ಡಪ್ಪ ಒಪ್ಪಿಗೆ ವೀಳ್ಯದ ತಟ್ಟೆಗೆ ಕೈ ಚಾಚಿದರು. ನಾನು ಸೀನಿದೆ. ಅವರು ಕೈ ಹಿಂದಕ್ಕೆಳೆದುಕೊಂಡು ಚಪ್ಪಲಿ ಹುಡುಕಿದರು. ಎರಡನೆಯ ಸಲ ಹುಲ್ಲಹಳ್ಳಿಯವರು. ಆ ಸಂಬಂಧ ತಂದವನು ನನ್ನ ಹೆಂಡತಿಯ ತಮ್ಮ ಪುಟ್ಟಬಸವಯ್ಯ. ಅವತ್ತು ಗಂಡಿನ ಕಡೆಯವರು ತಟ್ಟೆ ಮುಟ್ಟುವವರೆಗೂ ತಡೆದುಕೊಂಡಿದ್ದೆ. (ಮುಟ್ಟಿದ ಮೇಲೆ ಆಗಲಿಲ್ಲ.)

"ಭಾವ, ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡಂಗಿಲ್ಲ. ನಿಮ್ಮ ಮೂಗೇನು ಮೂಗೋ, ಕೇಡಿನ ಕೊಂಬೋ?" ಎಂದ ಪುಟ್ಟಬಸವಯ್ಯ.

ಮೂರನೆಯ ಸಂಬಂಧದ ಕಥೆಯೇ ಬೇರೆ. ನಯನ ತಿ. ನರಸೀಪುರದ ಹೈಸ್ಕೂಲಿನಲ್ಲಿ ಟೀಚರ್. ಅಲ್ಲಿಯ ಡ್ರಾಯಿಂಗ್ ಮೇಷ್ಟ್ರು ನಂಜೇಶ್, ಮುಡುಕುತೊರೆಯ ಹುಡುಗ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡು ವರ್ಷವಾಗಿದೆ ಅಂತ ನಮಗೆ ಆಮೇಲೆ ತಿಳಿಯಿತು. ಜಾತಿ, ಮಠ, ಜಾತಕ ಎಲ್ಲ ತಾನಾಗಿ ಕೂಡಿಬಂದಿತ್ತು. ತೊಡಕು ಒಂದೇ, ಹುಡುಗನ ಅಜ್ಜಿ ದೇವಮ್ಮಣ್ಣಿ. ಬೆಕ್ಕು ಅಡ್ಡ ಬಂತು ಅಂತ ಕಾರು ತಿರುಗಿಸಿ ಮನೆಗೆ ವಾಪಸ್ ಹೋಗುವ ಪೈಕಿ. ಆಷಾಢ ಕಳೆದು ಬರುತ್ತೇವೆ ಅಂತ ಹೇಳಿಕಳಿಸಿದ್ದರು. ಅಂದರೆ ನಲವತ್ತು ದಿನ.

ನಯನ ನನ್ನ ಪಕ್ಕ ಬಂದು ಕೂತಳು. "ಅಪ್ಪಾ, ಈ ಸಲ ಸೀನ್ಬೇಡಿ ಅಪ್ಪಾ. ನಿಮ್ಮ ಕಾಲಿಗೆ ಬೀಳ್ತೀನಿ." ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಮೆತ್ತಗೆ ಕೇಳಿದ್ದಕ್ಕೆ ನನ್ನ ಎಡಗಡೆ ಹೊಳ್ಳೆ ಚುರುಗುಟ್ಟಿತು.

ಡಾಕ್ಟರ ಹತ್ತಿರ ಹೋದೆ. ಅವರು ಮೂಗಿಗೆ ಟಾರ್ಚ್ ಬಿಟ್ಟು ನೋಡಿ, "ಟೆನ್ಷನ್ ಜಾಸ್ತಿಯಾದ್ರೆ ಇಮ್ಯುನಿಟಿ ಕಮ್ಮಿಯಾಗುತ್ತೆ. ಮಾತ್ರೆ ಬೇಡ. ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಸ್ವಲ್ಪ ನಡೀರಿ, ಹಣ್ಣು ತರಕಾರಿ ತಿನ್ನಿ, ನಗ್ತಾ ಇರಿ, ಅಷ್ಟೇ," ಎಂದರು. ಇಷ್ಟು ಸುಲಭದ ಮಾತನ್ನು ಮನೆಯಲ್ಲಿ ಬಾಯಿಬಿಟ್ಟಿದ್ದೇ ನಾನು ಮಾಡಿದ ತಪ್ಪು.

ನನ್ನ ಹೆಂಡತಿ ಮಂಗಳಾ ಕೂಡಲೇ ರೋಗನಿರೋಧಕ ಶಕ್ತಿ ಸಂವರ್ಧನ ಸಮಿತಿ ರಚಿಸಿದಳು. ಅಧ್ಯಕ್ಷಿಣಿ ಅವಳೇ. ಸದಸ್ಯರು ಇಬ್ಬರು: ಪುಟ್ಟಬಸವಯ್ಯ, ಮತ್ತು ಪಕ್ಕದ ಮನೆಯಲ್ಲಿ ಯೋಗ ಕ್ಲಾಸು ನಡೆಸುವ ಸುನೀತಾ. ರೋಗಿಗೆ ಮತ ಹಾಕುವ ಹಕ್ಕಿರಲಿಲ್ಲ.

ಬೆಳಿಗ್ಗೆ ಐದಕ್ಕೆ ಕಷಾಯ, ಮಧ್ಯಾಹ್ನ, ರಾತ್ರಿ ಮತ್ತೊಂದೊಂದು ಲೋಟ. ಅಮೃತಬಳ್ಳಿ, ತುಳಸಿ, ಶುಂಠಿ, ಮೆಣಸು, ಹಿಪ್ಪಲಿ, ಜೊತೆಗೆ ಹಿತ್ತಲಲ್ಲಿ ಹಸಿರಾಗಿ ಕಂಡದ್ದೆಲ್ಲ. ಒಂದು ದಿನ ದಾಸವಾಳದ ಗಿಡ ಬೋಳಾಗಿ ನಿಂತಿದ್ದು ನೋಡಿ ನಾನು ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡಬಹುದು ಅಂತ ಭಯ.

ಅಲ್ಲಿಂದ ಮುಂದೆ ನನಗೆ ತಲೆಬುಡ ಅರ್ಥವಾಗಲಿಲ್ಲ.

"ಮೊಸರು ತಿನ್ಬೇಕು ಅಂಕಲ್, ಹೊಟ್ಟೆ ಚೆನ್ನಾಗಿದ್ರೆ ಇಮ್ಯುನಿಟಿ ಚೆನ್ನಾಗಿರುತ್ತೆ," ಎಂದಳು ಸುನೀತಾ.

"ಮೊಸರಾ? ಕಫ ಕಟ್ಕತದೆ. ಮುಟ್ಟಿಸ್ಬೇಡ ಕಣಕ್ಕ," ಎಂದ ಪುಟ್ಟಬಸವಯ್ಯ.

ಮಂಗಳಾ ಇಬ್ಬರನ್ನೂ ನೋಯಿಸುವವಳಲ್ಲ. ಮೊಸರು ತಿನ್ನಿಸಿ, ಅದರ ಮೇಲೆ ಬಿಸಿಬಿಸಿ ಅರಿಶಿನದ ಹಾಲು ಕುಡಿಸಿದಳು. ನನ್ನ ಹೊಟ್ಟೆಯೊಳಗೆ ಆ ಎರಡೂ ಎದುರಾಗಿ ಏನು ಮಾತಾಡಿಕೊಂಡವೋ, ಗುಡುಗುಡು ಸದ್ದು ಮಾತ್ರ ಕೇಳಿಸಿತು.

ಬಿಸಿಲಿಗೆ ಮೈಯೊಡ್ಡಬೇಕು ಎಂದ ಭಾವಮೈದುನ. ಆಷಾಢದಲ್ಲಿ ಬಿಸಿಲೆಲ್ಲಿ? ಪಂಚೆ ಉಟ್ಟು, ಬರಿಮೈಯಲ್ಲಿ ತಾರಸಿ ಮೇಲೆ ಕೂತು ಮೋಡ ಕಾಯುತ್ತಿದ್ದೆ. ಮಳೆ ಹನಿದರೆ ಕೆಳಗಿಳಿ, ಬಿಸಿಲು ಇಣುಕಿದರೆ ಮೇಲೆ ಹತ್ತು. ನಾಲ್ಕೇ ದಿನಕ್ಕೆ ಮಂಡಿ ನೋವು ಶುರುವಾಯಿತು. ಮಂಡಿನೋವಿಗೆ ಎಳ್ಳೆಣ್ಣೆ ಹಚ್ಚಿದರು. ಎಳ್ಳೆಣ್ಣೆ ಹಚ್ಚಿದರೆ ಉಷ್ಣ ಅಂತ ತಣ್ಣೀರು ಹುಯ್ದರು. ತಣ್ಣೀರು ಹುಯ್ದರೆ ಶೀತ ಅಂತ ಮತ್ತೊಂದು ಲೋಟ ಕಷಾಯ.

ಸುನೀತಾಳದು ಇನ್ನೊಂದು ವಿದ್ಯೆ. ಗಿಂಡಿಯ ಮೂತಿಯಿಂದ ಉಪ್ಪುನೀರನ್ನು ಬಲಗಡೆ ಹೊಳ್ಳೆಗೆ ಬಿಟ್ಟು ಎಡಗಡೆಯಿಂದ ಹೊರಗೆ ತರಿಸುವುದು. ಅದಾದ ಮೇಲೆ ನಗೆ. ಬರೀ ನಗೆ ಅಲ್ಲ, ಕಪಿಲಾ ದಂಡೆಯಲ್ಲಿ ನಿಂತು ಕೈ ಮೇಲೆತ್ತಿ, ಕಾರಣವಿಲ್ಲದೆ ಹತ್ತು ನಿಮಿಷ ಹಹಹಾ ಅನ್ನಬೇಕು. ಸೋಪಾನದ ಮೇಲೆ ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ, "ಪಾಪ, ಯಾರ ಮನೆಯೋರೋ," ಅಂದು ಲೊಚಗುಟ್ಟಿದರು.

ಇದೆಲ್ಲ ಸಹಿಸಬಹುದು ಸ್ವಾಮಿ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದ ನನಗೆ ರಸಬಾಳೆ ನಿಷೇಧಿಸಿದರು! ಬಾಳೆಹಣ್ಣು ಶೀತವಂತೆ. ಡಾಕ್ಟರು ಹಣ್ಣು ತಿನ್ನಿ ಅಂದಿದ್ದರಲ್ಲೇ ಎಂದರೆ, "ಹಣ್ಣು ಅಂದ್ರೆ ನೆಲ್ಲಿಕಾಯಿ," ಎಂದಳು ಮಂಗಳಾ.

"ಅದು ಕಾಯಿ ಕಣೇ."

"ವಾದ ಮಾಡ್ಬೇಡಿ, ಟೆನ್ಷನ್ ಆಗುತ್ತೆ! ಟೆನ್ಷನ್ ಮಾಡ್ಕೋಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮ್ಗೆ?" (ದಿನಕ್ಕೆ ಹದಿನಾಲ್ಕು ಸಲ. ಎಣಿಸಿದ್ದೇನೆ.)

ಮೂವತ್ತನೆಯ ದಿನದ ಹೊತ್ತಿಗೆ ನಾನು ಯಾವಾಗ ನಗಬೇಕು, ಯಾವಾಗ ಉಸಿರು ಬಿಗಿಹಿಡಿಯಬೇಕು ಅನ್ನುವುದೇ ಕಲಸುಮೇಲೋಗರವಾಗಿತ್ತು. ಆಫೀಸಿನಲ್ಲಿ ಸಾಹೇಬರು ಬೈಯುತ್ತಿದ್ದಾಗ ಕೈ ಮೇಲೆತ್ತಿ ಹಹಹಾ ಎಂದುಬಿಟ್ಟೆ. ಅವರು ಬೈಯುವುದನ್ನು ನಿಲ್ಲಿಸಿ, ಮನೆಗೆ ಹೋಗಿ ರೆಸ್ಟ್ ತಗೊಳ್ಳಿ ಎಂದರು. ಆದರೂ ಒಂದು ಸತ್ಯ ಒಪ್ಪಿಕೊಳ್ಳಲೇಬೇಕು. ಅಷ್ಟು ಬೈಗುಳದಲ್ಲೂ ಸೀನು ಬಂದಿರಲಿಲ್ಲ.

ಆಷಾಢ ಕಳೆಯಿತು. ಭಾನುವಾರ ಎರಡು ಕಾರಿನಲ್ಲಿ ಹನ್ನೊಂದು ಜನ ಬಂದಿಳಿದರು. ನಡುವೆ ದೇವಮ್ಮಣ್ಣಿ, ಕೈಯಲ್ಲಿ ಊರುಗೋಲು. ಅವರಿಗೆ ನನ್ನ ಮೂಗಿನ ಕೀರ್ತಿ ತಲುಪಿತ್ತೋ ಏನೋ, ಬಂದವರೇ ನನ್ನ ಮುಖವನ್ನು ಒಂದು ನಿಮಿಷ ದಿಟ್ಟಿಸಿದರು. ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ನಯನ ಬಂದು ಎಲ್ಲರಿಗೂ ಶರಣು ಮಾಡಿ ಕೂತಳು. ನಂಜೇಶ್ ಗೋಡೆಯ ಕ್ಯಾಲೆಂಡರ್ ನೋಡುವವನಂತೆ ಅವಳನ್ನೇ ನೋಡುತ್ತಿದ್ದ.

"ಎಣ್ಣು ಲಕ್ಷಣವಾಗದೆ. ನಮಗೊಪ್ಗೆ. ವೀಳ್ಯ ತನ್ನಿ," ಎಂದರು ದೇವಮ್ಮಣ್ಣಿ.

ತಟ್ಟೆ ಬಂತು. ಮಂಗಳಾ, ಪುಟ್ಟಬಸವಯ್ಯ, ನಯನ, ಸುನೀತಾ, ನಾಲ್ಕೂ ಜನ ತಟ್ಟೆ ಬಿಟ್ಟು ನನ್ನ ಮೂಗನ್ನೇ ನೋಡುತ್ತಿದ್ದರು. ನಾನು ಒಳಗೆ ಹುಡುಕಿ ನೋಡಿಕೊಂಡೆ. ಎಡಗಡೆ ಹೊಳ್ಳೆ ಶಾಂತ. ಬಲಗಡೆಯೂ ಶಾಂತ. ನನ್ನ ಮೂಗು ಸಮಾಧಿ ಸ್ಥಿತಿಗೆ ತಲುಪಿತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಎದೆಯೇ ಎರಡು ಅಂಗುಲ ಮುಂದೆ ಬಂತು.

ಆದರೆ ಮಂಗಳಾ ಅವತ್ತು ಬೆಳಿಗ್ಗೆ, ಯಾತಕ್ಕೂ ಇರಲಿ ಅಂತ, ಮೂರುಪಟ್ಟು ಮೆಣಸು ಹಾಕಿ ವಿಶೇಷ ಕಷಾಯಕ್ಕಿಟ್ಟಿದ್ದಳು. ನೆಂಟರ ಗಡಿಬಿಡಿಯಲ್ಲಿ ಒಲೆ ಆರಿಸುವುದು ಮರೆತಳು. ನೀರೆಲ್ಲ ಇಂಗಿ, ತಳದಲ್ಲಿದ್ದ ಮೆಣಸು ಸೀಯತೊಡಗಿತು. ಆ ಘಾಟು ಅಡುಗೆಮನೆ ದಾಟಿ, ಹಜಾರ ದಾಟಿ, ದೇವಮ್ಮಣ್ಣಿಯ ಕೈ ತಟ್ಟೆಗೆ ಇನ್ನೇನು ತಾಗಬೇಕು ಅನ್ನುವಾಗ ಅವರ ಮೂಗಿಗೆ ಮುಟ್ಟಿತು.

"ಆಕ್ಷೀ!"

ಎಲ್ಲರೂ ನನ್ನ ಕಡೆ ತಿರುಗಿದರು. "ನಾನಲ್ಲ!" ಎಂದೆ.

ದೇವಮ್ಮಣ್ಣಿ ತಮ್ಮ ಮೂಗನ್ನು ತಾವೇ ಹಿಡಿದುಕೊಂಡು ಕೂತಿದ್ದರು. ಮುಖ ಬಿಳುಚಿಕೊಂಡಿತ್ತು. "ಒಂಟಿ ಸೀನು! ಅದೂ ನನ್ನ ಮೂಗಿಂದ! ಇನ್ನೊಂದು ಬತ್ತಾ ಇಲ್ವಲ್ಲಪ್ಪೋ!"

ಎಲ್ಲರೂ ಕಾದೆವು. ಅಜ್ಜಿ ಬಾಯಿ ತೆರೆದರು, ಕಣ್ಣು ಮುಚ್ಚಿದರು, ಬರಲಿಲ್ಲ.

"ಬೇರೆಯೋರು ಸೀನಿದ್ರೆ ಆಯ್ತದಾ ಅವ್ವಾ?" ಎಂದು ಪುಟ್ಟಬಸವಯ್ಯ ಕೇಳಿದ.

"ಎಣ್ಣಿನ ಮನೆಯೋರು ಸೀನಿದ್ರೆ ಆಯ್ತದೆ. ಎರಡು ಮನೆ ಸೀನು ಕೂಡಿದ್ರೆ ಜೋಡಿ ಕಣಪ್ಪ."

ಮಂಗಳಾ ನನ್ನ ಕಡೆ ತಿರುಗಿದಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಅಷ್ಟು ಆಸೆಯಿಂದ ನೋಡಿದ್ದು ಅದೇ ಮೊದಲು. "ಸೀನ್ರೀ!"

ಮೂಗಿನ ತುದಿ ಉಜ್ಜಿದೆ. ಬಾಗಿಲಿಗೆ ಹೋಗಿ ಸೂರ್ಯನನ್ನು ನೋಡಿದೆ. ಪುಟ್ಟಬಸವಯ್ಯ ಟವೆಲಿನ ಚುಂಗು ಹೊಸೆದು ನನ್ನ ಹೊಳ್ಳೆಗೆ ತೂರಿಸಿ ತಿರುಗಿಸಿದ. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಕೊನೆಗೆ ಬಾಯಲ್ಲೇ "ಆಕ್ಷಿ" ಎಂದೆ.

"ಬಾಯಲ್ಲಿ ಸೀನಿದ್ರೆ ಸೀನಾದದಾ ಬೀಗ್ರೇ? ದ್ಯಾವರಿಗೇನು ಮೂಗಿಲ್ವಾ?" ಎಂದರು ಅಜ್ಜಿ.

"ಬೇಡ ಅಂದಾಗ ಊರಿಗೆಲ್ಲ ಕೇಳೋ ಹಾಗೆ ಸೀನ್ತೀರಿ. ಈಗ ಬೇಕು ಅಂದ್ರೆ ಹಟಾನಾ?" ಎಂದು ಮಂಗಳಾ ನನ್ನ ಕಿವಿಯ ಹತ್ತಿರ ಹಲ್ಲು ಕಡಿದಳು.

"ನೀನೇ ಅಲ್ವೇನೇ ನಲವತ್ತು ದಿನ..."

"ವಾದ ಮಾಡ್ಬೇಡಿ!"

ನಯನಳ ಕಣ್ಣು ತುಂಬಿತ್ತು. ಅವಳು ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಎದ್ದು, ಒಲೆ ಆರಿಸುತ್ತೇನೆ ಅಂತ ಒಳಗೆ ಹೋದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡು ಸಲ ಸೀನಿ ಕೆಡಿಸಿದವನು ಮೂರನೆಯ ಸಲ ಸೀನದೆ ಕೆಡಿಸಿದೆನಲ್ಲ ಶಿವನೇ ಅಂತ ಅಳುವೇ ಬಂತು.

ಆಗ ಅಡುಗೆಮನೆಯಿಂದ ಬಂತು. "ಆಕ್ಷೀ!"

ಒಂದೇ ಒಂದು. ಪಾತ್ರೆ ಕೆಳಗೆ ಬಿದ್ದ ಸದ್ದೂ ಆಯಿತು. ನಯನ ಮೂಗು ಕೆಂಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತಳು. ಥೇಟ್ ನನ್ನದೇ ಸೀನು. ಪಾಪ, ಅವಳಿಗೆ ಯಾರೂ ಕಷಾಯ ಕುಡಿಸಿರಲಿಲ್ಲ.

"ಕೂಡ್ತು! ಜೋಡಿ ಕೂಡ್ತು! ತನ್ರಪ್ಪ ತಟ್ಟೆಯ!" ಎಂದು ದೇವಮ್ಮಣ್ಣಿ ಊರುಗೋಲು ಕುಟ್ಟಿದರು. ವೀಳ್ಯ ಬದಲಾಯಿಸಿಕೊಂಡೆವು. ನಂಜೇಶ್ ಈ ಸಲ ಕ್ಯಾಲೆಂಡರಿನ ನೆಪವನ್ನೂ ಬಿಟ್ಟ. ನಾನು ಟವೆಲಿನಿಂದ ಕಣ್ಣೊರೆಸಿಕೊಂಡೆ.

ಸಂಜೆ ಎಲ್ಲರನ್ನೂ ಕಾರಿನವರೆಗೆ ಕಳಿಸಲು ಹೋದೆವು. ದೇವಮ್ಮಣ್ಣಿ ಸೀಟಿನಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು.

"ಬೀಗ್ರೇ, ಆಪಾಟಿ ಘಾಟಲ್ಲೂ ಅಲ್ಲಾಡ್ಲಿಲ್ಲ ನಿಮ್ಮ ಮೂಗು. ಏನು ತಿಂತೀರಿ?"

ಮಂಗಳಾ ಅಭಿಮಾನದಿಂದ ಅಮೃತಬಳ್ಳಿಯಿಂದ ಹಿಡಿದು ಗಿಂಡಿಯವರೆಗೆ ಎಲ್ಲ ಒಪ್ಪಿಸಿದಳು.

"ಮದ್ವೆ ಮುಗಿಯೋಗಂಟ ಒಂದು ದಿನವೂ ಬಿಡಬ್ಯಾಡ ಕಣವ್ವ. ಇನ್ನೆಷ್ಟು, ಮಾರ್ಗಶಿರಕ್ಕೆ ನಾಲ್ಕೇ ತಿಂಗಳು," ಎಂದರು ದೇವಮ್ಮಣ್ಣಿ.

ನಾಲ್ಕು ತಿಂಗಳು! ಮನಸ್ಸಿನಲ್ಲೇ ದಿನಕ್ಕೆ ಮೂರು ಲೋಟದ ಹಾಗೆ ಗುಣಿಸಿದೆ. ಡ್ರೈವರ್ ಕಾರು ಸ್ಟಾರ್ಟ್ ಮಾಡಿದ. ನನ್ನ ಎಡಗಡೆ ಹೊಳ್ಳೆ ಚುರುಗುಟ್ಟಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಆಕ್ಷೀ!"

ಕಾರು ನಿಂತಿತು. ದೇವಮ್ಮಣ್ಣಿ ಬಾಗಿಲು ತೆಗೆದು ಊರುಗೋಲು ಊರಿದರು. "ಇಳೀರ್ರಪ್ಪ ಎಲ್ಲ. ಒಂಟಿ ಸೀನು ಕೇಳ್ಕಂಡು ಪಯಣ ಓಗಬಾರದು. ಒಳಕ್ಕೋಗಿ ಕೂತು, ನೀರು ಕುಡ್ಕಂಡು ಓರಡುವಾ."

ಹನ್ನೊಂದು ಜನ ಸಾಲಾಗಿ ಮತ್ತೆ ಒಳಗೆ ಬಂದು ಕೂತರು. ಮಂಗಳಾ ನನ್ನನ್ನು ಒಂದು ನೋಟ ನೋಡಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ಹನ್ನೆರಡು ಲೋಟ ಇಟ್ಟುಕೊಂಡು ಬಂದಳು. ಹನ್ನೊಂದರಲ್ಲಿ ನೀರಿತ್ತು.