ಎಲೆಯ ಮೇಲೆ ಬಡಿಸಿದ ಮೋಟರ್‌ಸೈಕಲ್

ನನ್ನ ಮಾಮನ ಮೋಟರ್‌ಸೈಕಲ್ ರಸ್ತೆಯಲ್ಲಿ ಓಡಿದ್ದಕ್ಕಿಂತ ಲೋಕಲ್ ಟ್ರೈನಿನಲ್ಲಿ ಓಡಿದ್ದೇ ಹೆಚ್ಚು. ನಂಬಿಕೆ ಬರದಿದ್ದರೆ ಬೆಳಗಿನ ಹೊತ್ತು ಭಾಂಡುಪ್ ಸ್ಟೇಷನ್ನಿನಲ್ಲಿ ಅವರ ಪಕ್ಕ ನಿಲ್ಲುವ ಯಾರನ್ನಾದರೂ ಕೇಳಿ. ಭಾಂಡುಪಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಲೈನಿನಲ್ಲಿ ಗ್ರಾಂಟ್ ರೋಡ್, ಸಂಜೆ ಅದೇ ದಾರಿಯಲ್ಲಿ ವಾಪಸು. ಆ ಗಾಡಿಯ ಒಂದೊಂದು ಅಂಗವೂ ಸರದಿಯ ಪ್ರಕಾರ ಮಾಮನ ಊಟದ ಚೀಲದಲ್ಲಿ ಕುಳಿತು ಈ ಪ್ರಯಾಣ ಮಾಡಿದೆ. ಒಂದು ದಿನ ಚೈನು, ಒಂದು ದಿನ ಹೆಡ್‌ಲೈಟಿನ ಬಟ್ಟಲು, ಮತ್ತೊಂದು ದಿನ ಬ್ರೇಕಿನ ಪೆಡಲು. ಅದಕ್ಕೆ ಹೊಂದುವ ಜೋಡಿ ಹುಡುಕಲು ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಬೇಕು; ಅಂಗಡಿಯವನಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಕಣ್ಣೆದುರಿಗೆ ಇಡಬೇಕು ಎಂಬುದು ಮಾಮನ ವಾದ.

ಒಮ್ಮೆ ಹ್ಯಾಂಡಲನ್ನೇ ಒಯ್ದರು. ಅದು ಚೀಲದಲ್ಲಿ ಹಿಡಿಸಲಿಲ್ಲ. ರೈಲಿನ ಡಬ್ಬಿಯಲ್ಲಿ ಕಾಲಿಡಲೂ ಜಾಗವಿಲ್ಲದ ಹೊತ್ತು ಅದು. ಮಾಮ ಹ್ಯಾಂಡಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನಿಂತರು. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಯಾರೋ ಅದನ್ನು ಹಿಡಿದುಕೊಂಡರು. ಮತ್ತೊಬ್ಬರು ಇನ್ನೊಂದು ತುದಿ ಹಿಡಿದುಕೊಂಡರು. ಅದು ರೈಲಿನದೇ ಎಂದು ಇಬ್ಬರೂ ಭಾವಿಸಿದ್ದರು. ದಾದರಿನಲ್ಲಿ ಮಾಮ ಇಳಿದಾಗ ಅವರಿಬ್ಬರೂ ಇಳಿದರು. ಅವರಲ್ಲಿ ಒಬ್ಬರು ಹೋಗಬೇಕಾಗಿದ್ದದ್ದು ಮುಂದೆ ಭಾಯಖಳಾಕ್ಕೆ.

ಮಾಮ ಎಂದರೆ ಅಮ್ಮನ ತಮ್ಮ. ಉಡುಪಿಯ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು, ಈಗ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅಡುಗೆಮನೆಯ ಉಸ್ತುವಾರಿ. ಗಾಡಿ ಅವರಿಗೆ ಸಿಕ್ಕಿದ್ದೂ ಅಲ್ಲಿಯೇ. ಹೋಟೆಲಿನ ಹಿಂದಿನ ಲಾಡ್ಜಿನ ಅಂಗಳದಲ್ಲಿ, ಎಂದೋ ಬಂದು ಹೋದ ಅತಿಥಿಯೊಬ್ಬರು ಬಿಟ್ಟುಹೋದ ಮೋಟರ್‌ಸೈಕಲ್ ಬಿದ್ದಿತ್ತು. ಅದನ್ನು ತಯಾರಿಸುತ್ತಿದ್ದ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಸೀಟಿನಲ್ಲಿ ಬೆಕ್ಕೊಂದು ಮರಿ ಹಾಕಿತ್ತು. "ಬೇಕಾದರೆ ತಗೊಂಡು ಹೋಗಿ ಮಾರಾಯ್ರೆ" ಎಂದು ಲಾಡ್ಜಿನವರು ಹೇಳಿದ್ದೇ ತಡ, ಮಾಮ ಬೆಕ್ಕಿನ ಮರಿಗಳು ಕಣ್ಣು ಬಿಡುವವರೆಗೆ ಕಾದು ಗಾಡಿಯನ್ನು ಟೆಂಪೋದಲ್ಲಿ ಭಾಂಡುಪಿಗೆ ತಂದರು. ಆಗ ನಾನು ಶಾಲೆಯಲ್ಲಿದ್ದೆ. ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದಾಗಲೂ ಗಾಡಿ ಅವರ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ, ಮೀಟರ್ ಪೆಟ್ಟಿಗೆಗಳ ಪಕ್ಕದಲ್ಲೇ ಇತ್ತು. ಭಾನುವಾರ ಹೋಟೆಲಿಗೆ ರಜೆ. ನಾವಿರುವುದು ಎದುರಿನ ಬಿಲ್ಡಿಂಗಿನಲ್ಲಿ. ನಾನು ಹೆಚ್ಚು ಮಾತಾಡುವವಳಲ್ಲವಾದ್ದರಿಂದ ಟಾರ್ಚ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಮಾಮಿ ಧಾರವಾಡದವರು, ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತಾರೆ. ಮಾಟುಂಗದ ಕನ್ನಡ ಸಂಘದ ನಾಟಕದ ತಾಲೀಮಿನಲ್ಲಿ ಇಬ್ಬರಿಗೂ ಪರಿಚಯವಾಗಿ, ಮನೆಯವರನ್ನೆಲ್ಲ ಒಪ್ಪಿಸಿ ಮದುವೆಯಾದರು. ಆ ನಂತರ ಊಟದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದು ದಿನಕ್ಕೂ ರಾಜಿಯಾಗಿಲ್ಲ. ಸಾಂಬಾರಿಗೆ ಬೆಲ್ಲ ಹಾಕುವುದನ್ನು ಮಾಮಿ ಕ್ಷಮಿಸಿಲ್ಲ. ರೊಟ್ಟಿ ತಟ್ಟುವ ಸದ್ದಿಗೆ ಭಾನುವಾರದ ನಿದ್ದೆ ಕೆಡುವುದನ್ನು ಮಾಮ ಮರೆತಿಲ್ಲ. "ನೀವು ಉಡುಪಿಯವರು" ಎಂದು ಯಾರಾದರೂ ಬಾಯಿ ತಪ್ಪಿ ಮಾಮಿಗೆ ಹೇಳಿದರೆ, "ಇವರು ಉಡುಪಿಯವರು. ನಾ ಅಲ್ಲ" ಎಂದು ಅಲ್ಲೇ ತಿದ್ದುತ್ತಾರೆ.

ಗಾಡಿಯ ಬಗ್ಗೆ ಮಾಮಿಯ ಅಭಿಪ್ರಾಯವೂ ಅಷ್ಟೇ ಸ್ಪಷ್ಟ. "ಏನ್ರಿ, ಮಂದಿ ಗಾಡಿ ಮ್ಯಾಲ ಕುಂಡ್ರತಾರ. ನೀವು ಗಾಡಿ ಕೆಳಗ ಮಲಗತೀರಿ."

"ಕೆಳಗಿಂದ ನೋಡಿದರೆ ಮಾತ್ರ ಅದರ ಕಷ್ಟ ಗೊತ್ತಾಗುದು" ಎಂದು ಮಾಮ ಕೆಳಗಿನಿಂದಲೇ ಉತ್ತರಿಸುತ್ತಿದ್ದರು.

"ನನ್ನ ಕಷ್ಟ ನೋಡಾಕ ಎಲ್ಲಿ ಮಲಗತೀರಿ ಮತ್ತ?"

ಆಗ ಕೆಳಗೆ ಸ್ಪ್ಯಾನರಿನ ಸದ್ದು ಸ್ವಲ್ಪ ಜೋರಾಗುತ್ತಿತ್ತು.

ಗಾಡಿಗೆ ಬಣ್ಣ ಬಳಿಸಿದ ಕತೆ ಹೇಳದಿದ್ದರೆ ಮಾಮನಿಗೆ ಅನ್ಯಾಯವಾಗುತ್ತದೆ. ಮೊದಲು ಹೇಗಿತ್ತೋ ಹಾಗೆಯೇ ಮಾಡುವವರು ಕೆಲವರಿದ್ದಾರೆ. ಮಾಮನಿಗೆ ಅದು ಬೇಡ, ತಮ್ಮದೇ ಒಂದು ಗುರುತು ಬೇಕು. ಮಾಟುಂಗದ ಮಾರ್ಕೆಟಿನಲ್ಲಿ ಒಂದು ಒಳ್ಳೆಯ ಮಂಗಳೂರು ಸೌತೆಕಾಯಿ ಆರಿಸಿ, ನೇರವಾಗಿ ಪೇಂಟರನ ಬಳಿ ಹೋದರು. ಪೇಂಟರ್ ಕಲರ್ ನಂಬರ್ ಕೇಳಿದ. ಮಾಮ ಸೌತೆಕಾಯಿ ಮೇಜಿನ ಮೇಲಿಟ್ಟರು. ಹಳದಿ ಮೈ, ಮೇಲೆ ಹಸಿರು ಗೀರು, ಹೊಳಪು ಇಷ್ಟೇ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಪೇಂಟರ್ ಗಂಭೀರ ಮನುಷ್ಯ. ಟ್ಯಾಂಕಿನ ಬಲಭಾಗವನ್ನು ಯಾವುದು ಟ್ಯಾಂಕು ಯಾವುದು ತರಕಾರಿ ಎಂದು ತಿಳಿಯದಷ್ಟು ಚೆನ್ನಾಗಿ ಮಾಡಿದ. ಎಡಭಾಗ ಮುಂದಿನ ವಾರಕ್ಕೆಂದು ಮಾಮ ಸೌತೆಕಾಯಿಯನ್ನು ಮನೆಗೆ ತಂದು ಫ್ರಿಜ್ಜಿನ ಮೇಲಿಟ್ಟರು. ಮಾಮಿ ಅದನ್ನು ಹುಳಿ ಮಾಡಿದರು.

"ಅದು ಸ್ಯಾಂಪಲ್ ಆಗಿತ್ತು ಮಾರಾಯ್ತಿ."

"ಸ್ಯಾಂಪಲ್ ಚಲೋ ಇತ್ತು. ಇನ್ನೊಂದು ತರ್ರಿ."

ಇನ್ನೊಂದು ಬಂತು. ಆದರೆ ಲೋಕದಲ್ಲಿ ಒಂದರಂತೆ ಇನ್ನೊಂದು ಸೌತೆಕಾಯಿ ಇರುತ್ತದೆಯೇ? ಎರಡನೆಯದು ಸ್ವಲ್ಪ ಎಳೆಯದು. ಹಾಗಾಗಿ ಗಾಡಿಯ ಟ್ಯಾಂಕು ಇಂದಿಗೂ ಬಲಗಡೆಯಿಂದ ನೋಡಿದರೆ ಹಣ್ಣು, ಎಡಗಡೆಯಿಂದ ನೋಡಿದರೆ ಕಾಯಿ.

ಹೀಗೆ ಸುಖವಾಗಿ ಸಾಗುತ್ತಿದ್ದ ಕೆಲಸಕ್ಕೆ ಅವಸರ ಬಂದದ್ದು ಹೋದ ವರ್ಷ. ಅವರ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ದೀಪಾವಳಿಯೊಳಗೆ ಎಲ್ಲರೂ ಖಾಲಿ ಮಾಡಬೇಕು. ಹೊಸದು ಏಳುವವರೆಗೆ ಇರಲು ಮಾಮ-ಮಾಮಿಗೆ ಸ್ಟೇಷನ್ನಿನ ಆಚೆ ಏಳನೇ ಮಹಡಿಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಆದರೆ ಆ ಸೊಸೈಟಿಯ ಸೆಕ್ರೆಟರಿ ಮೊದಲ ದಿನವೇ ಹೇಳಿಬಿಟ್ಟರು: ಚಾಲೂ ಇರುವ ಗಾಡಿಗೆ ಮಾತ್ರ ಕಂಪೌಂಡಿನಲ್ಲಿ ಜಾಗ. ನಿಂತ ಗಾಡಿ, ತುಕ್ಕು ಹಿಡಿದ ಗಾಡಿ ಗೇಟಿನೊಳಗೆ ಬರುವಂತಿಲ್ಲ. ಬೇರೆಲ್ಲಿ ಇಡುವುದು? ನಮ್ಮ ಬಿಲ್ಡಿಂಗಿನಲ್ಲಿ ಸ್ಕೂಟರುಗಳೇ ಒಂದರ ಮೇಲೊಂದು ಒರಗಿ ನಿಂತಿವೆ.

ಮಾಮಿ ತೀರ್ಪು ಕೊಟ್ಟರು. "ಅದರ ಕಾಲ ಮ್ಯಾಲ ಅದು ನಡಕೋತ ಬಂದ್ರ ಬರಲಿ. ಇಲ್ಲಾಂದ್ರ ಭಂಗಾರದಾವಗ ಕೊಡೂದು."

ಗುಜರಿಯವನಿಗೆ ನಮ್ಮಲ್ಲಿ ಎಲ್ಲರೂ ಭಂಗಾರ್‌ವಾಲಾ ಎನ್ನುತ್ತಾರೆ. ಆ ಹೆಸರು ಕೇಳಿದೊಡನೆ ಮಾಮ ಟ್ಯಾಂಕಿನ ಮೇಲೆ ಕೈಯಿಟ್ಟರು, ಮಗುವಿನ ಕಿವಿ ಮುಚ್ಚಿದ ಹಾಗೆ.

ಮಾಮ ಎಂಜಿನ್ ಬಿಚ್ಚುವ ಕ್ರಮವನ್ನು ಇಲ್ಲಿ ಹೇಳಬೇಕು. ಬೇರೆ ಮೆಕ್ಯಾನಿಕ್ಕುಗಳು ಬಿಚ್ಚಿದ್ದನ್ನು ಡಬ್ಬದಲ್ಲಿ ಹಾಕುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಮಾಮ ಹೋಟೆಲಿನಿಂದ ಬಾಳೆಲೆ ತಂದು ನೆಲಕ್ಕೆ ಹಾಸಿ, ಅದರ ಮೇಲೆ ಊಟ ಬಡಿಸುವ ಕ್ರಮದಲ್ಲಿ ಭಾಗಗಳನ್ನು ಇಡುತ್ತಿದ್ದರು. ಎಡತುದಿಯಲ್ಲಿ ಉಪ್ಪಿನ ಜಾಗಕ್ಕೆ ಸಣ್ಣ ವಾಷರುಗಳು. ಪಕ್ಕದಲ್ಲಿ ಉಪ್ಪಿನಕಾಯಿಯ ಜಾಗಕ್ಕೆ ಒಂದು ಸ್ಪ್ರಿಂಗು, ಚಟ್ನಿಯ ಜಾಗಕ್ಕೆ ಇನ್ನೊಂದು. ಆಮೇಲೆ ಕೋಸಂಬರಿ, ಪಲ್ಯ. ನಡುವೆ ಅನ್ನದ ಜಾಗದಲ್ಲಿ ಪಿಸ್ಟನ್. ಸಾವಿರಾರು ಎಲೆಗಳನ್ನು ಕಂಡ ಕೈ ಅದು. ಜೋಡಿಸುವಾಗ ಕಣ್ಣು ಹಾಯಿಸುವುದೇ ಬೇಡ, ಕೈ ತಾನಾಗಿ ಸರಿಯಾದ ಕಡೆ ಹೋಗುತ್ತದೆ. "ನಾನು ಮರೆತೇನು, ಎಲೆ ಮರೆಯುದಿಲ್ಲ" ಎನ್ನುತ್ತಿದ್ದರು.

ನವರಾತ್ರಿ ಕಳೆದ ಮೇಲಿನ ಒಂದು ಶನಿವಾರ ಮಾಮ ಎಲ್ಲವನ್ನೂ ಎಲೆಯ ಮೇಲೆ ಬಡಿಸಿಟ್ಟು ಕೆಲಸಕ್ಕೆ ಹೋದರು. ಮರುದಿನ ಜೋಡಿಸಿ ಚಾಲೂ ಮಾಡುವುದೆಂದು ನಿಶ್ಚಯವಾಗಿತ್ತು. ಆ ದಿನ ಮಧ್ಯಾಹ್ನ ಮಾಮಿ ಕೆಳಗಿಳಿದು ನೋಡಿದರು. ಎಲೆ ಬಾಡಿತ್ತು, ಅಂಚು ಸುರುಳಿಯಾಗಿ ಒಂದೆರಡು ವಾಷರು ಜಾರುತ್ತಿದ್ದವು. ಅಷ್ಟು ವರ್ಷಗಳಲ್ಲಿ ಆ ಗಾಡಿಯನ್ನು ಬೆರಳಿನಿಂದಲೂ ಮುಟ್ಟದವರಿಗೆ ಅಂದು ಏನನ್ನಿಸಿತೋ, ಹೊಸ ಎಲೆ ತಂದು, ಒರೆಸಿ, ಒಂದೊಂದನ್ನೇ ಬಟ್ಟೆಯಿಂದ ತಿಕ್ಕಿ ಹೊಸ ಎಲೆಯ ಮೇಲೆ ಇಟ್ಟರು.

ಭಾನುವಾರ ಬೆಳಗ್ಗೆ ಮಾಮ ಜೋಡಿಸಲು ಕೂತರು. ನಾನು ಟಾರ್ಚ್ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಗಾಡಿಯನ್ನು ಕಂಪೌಂಡಿಗೆ ತಂದು, ಪೆಟ್ರೋಲ್ ಹಾಕಿ, ಮಾಮ ಕಿಕ್ ಹೊಡೆದರು. ಒಂದು ಸಲ ಕೆಮ್ಮಿತು. ಮತ್ತೊಮ್ಮೆ ಹೊಡೆದರು. ಚಾಲೂ ಆಯಿತು!

ಆಮೇಲೆ ನಿಲ್ಲಲಿಲ್ಲ. ಮಾಮ ಆಕ್ಸಿಲರೇಟರ್ ಬಿಟ್ಟರೂ ಸದ್ದು ಏರುತ್ತಲೇ ಹೋಯಿತು. ಹೊಗೆಯಲ್ಲಿ ಮೊದಲು ಗೇಟು ಕಾಣದಾಯಿತು, ಆಮೇಲೆ ಮಾಮ. ಎರಡನೇ ಮಹಡಿಯ ಶಿಂಧೆ ಕಾಕೂ ಕಿಟಕಿಯಿಂದ "ಗ್ಯಾಸ್ ಬಂದ್ ಮಾಡಿ" ಎಂದು ಇಡೀ ಬಿಲ್ಡಿಂಗಿಗೆ ಹೇಳಿದರು. ಮಾಮ ಕೀ ತಿರುಗಿಸಿದರು, ವಯರು ಎಳೆದರು. ಏನು ಮಾಡಿದರೂ ಅದು ಕೇಳಲಿಲ್ಲ. ಕೊನೆಗೆ ಒಳಗಿನಿಂದ ಕಟ್ ಎಂದು ಒಂದು ಸದ್ದು ಬಂದು ಎಲ್ಲವೂ ನಿಂತಿತು. ಹೊಗೆ ಸರಿದಾಗ ಮಾಮ ಕಿಕ್ಕಿನ ಮೇಲೆ ಕಾಲಿಟ್ಟು ಒತ್ತಿದರು. ಅದು ಅಲ್ಲಾಡಲಿಲ್ಲ. ಎಂಜಿನ್ ಜಾಮ್ ಆಗಿತ್ತು.

ಮಾಮ ಮೆಟ್ಟಿಲ ಕೆಳಗೆ ಹೋಗಿ, ಎಲೆಯ ಮೇಲೆ ಉಳಿದಿದ್ದ ಸಣ್ಣಪುಟ್ಟ ಸಾಮಾನನ್ನು ಬಗ್ಗಿ ನೋಡಿದರು. ಉಳಿದ ವಾಷರುಗಳು ಎಡತುದಿಯಲ್ಲಿರಲಿಲ್ಲ. ಮೇಲೆ, ಸರಿಯಾಗಿ ನಡುವೆ ಇದ್ದವು.

"ಇದು ಯಾರು ಬಡಿಸಿದ್ದು?" ಎಂದು ಕೇಳಿದರು.

ಮಾಮಿಯ ಊರಿನಲ್ಲಿ ಉಪ್ಪು ಎಲೆಯ ನಡುವೆ ಮೇಲಕ್ಕೆ, ಚಟ್ನಿ, ಆಮೇಲೆ ಉಪ್ಪಿನಕಾಯಿ, ಕೋಸಂಬರಿ ಎಡಕ್ಕೆ, ಪಲ್ಯ ಬಲಕ್ಕೆ. ಅವರ ಕೈಯೂ ಸಾವಿರಾರು ಎಲೆಗಳನ್ನು ಕಂಡದ್ದೇ. ಹೀಗೆ ಅದಲುಬದಲಾದ ಎರಡು ಸ್ಪ್ರಿಂಗುಗಳೂ ನೋಡಲು ಒಂದೇ ತರ, ಆದರೆ ಒಂದು ಗಟ್ಟಿ, ಒಂದು ಸಡಿಲ. ಆಕ್ಸಿಲರೇಟರನ್ನು ಹಿಂದಕ್ಕೆ ಎಳೆಯಬೇಕಾದ ಕಡೆ ಮಾಮನ ಕೈ ಸಡಿಲ ಸ್ಪ್ರಿಂಗನ್ನು ಹಾಕಿತ್ತು.

ಮಾಮಿ ಮೆಟ್ಟಿಲ ಮೇಲೆ ನಿಂತಿದ್ದರು. "ಎಲಿ ಬಾಡಿತ್ತರಿ. ಬದಲು ಮಾಡಿದೆ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾಮ ಕೈಯ ಗ್ರೀಸನ್ನು ಒರೆಸಿಕೊಂಡರು. "ಚಾಲೂ ಆಯ್ತಲ್ಲ ಮಾರಾಯ್ತಿ, ಕೇಳಿದ್ದೀಯಲ್ಲ?" ಎಂದರು. "ಎಂತಹ ಸದ್ದು ಅದು."

"ಕೇಳಿದೆ. ಧಾರವಾಡದ ತನಕ ಕೇಳಿರಬೇಕು."

ಅಷ್ಟೇ. ಆದರೆ ಅಂಗಡಿಗಳಲ್ಲಿ ಹೊಸ ಪಿಸ್ಟನ್ನಿಗೆ ವಿಚಾರಿಸಿದಾಗ ತಿಂಗಳುಗಟ್ಟಲೆ ಕಾಯಬೇಕೆಂದರು. ನಮಗೆ ಉಳಿದಿದ್ದದ್ದು ಕೆಲವೇ ದಿನ. ಮಾಮ ಆ ದಿನಗಳಲ್ಲಿ ಊಟದ ಚೀಲದಲ್ಲಿ ಊಟ ಮಾತ್ರ ಒಯ್ದರು.

ಖಾಲಿ ಮಾಡುವ ದಿನ ಬೆಳಗ್ಗೆ ಟೆಂಪೋಗೆ ಸಾಮಾನು ಏರಿಸುತ್ತಿದ್ದಾಗ ಭಂಗಾರ್‌ವಾಲಾ ಕೈಗಾಡಿ ತಂದ. ಕರೆಸಿದವರು ಮಾಮನೇ. ಗಾಡಿಯನ್ನು ತೋರಿಸಿ, ತಾವು ಮಾತ್ರ ಗೇಟಿನ ಹೊರಗೆ ಹೋಗಿ ಟೆಂಪೋದ ಹಗ್ಗ ಸರಿಯಿದೆಯೇ ಎಂದು ನೋಡತೊಡಗಿದರು. ಆ ಹಗ್ಗ ಆಗಲೇ ಸರಿಯಾಗಿತ್ತು.

ಕೈಯಲ್ಲಿ ಕುಕ್ಕರ್ ಹಿಡಿದು ಮಾಮಿ ಇಳಿದು ಬಂದರು. "ಭೈಯಾ, ಛೋಡ್ ದೋ. ಯೆ ಹಮಾರೆ ಸಾಥ್ ಜಾಯೇಗಾ" ಎಂದು ಭಂಗಾರ್‌ವಾಲಾನನ್ನು ತಡೆದರು, ಗಾಡಿ ನಮ್ಮ ಜೊತೆಗೇ ಬರುತ್ತದಂತೆ.

ಮಾಮ ತಿರುಗಿದರು. "ಅಲ್ಲಿ ಬಿಡುದಿಲ್ಲ ಮಾರಾಯ್ತಿ. ಗೇಟಲ್ಲೇ ನಿಲ್ಲಿಸ್ತಾರೆ."

"ಗಾಡಿನ ನಿಲ್ಲಸ್ತಾರ. ಸಾಮಾನು ಯಾಕ ನಿಲ್ಲಸ್ತಾರ? ಬಿಚ್ಚರಿ. ಬಿಚ್ಚೂದರಾಗ ನಿಮ್ಮನ್ನ ಮೀರಸಾವರು ಯಾರದಾರ?"

ಇದು ನಿಜ. ಚಾ ಕುಡಿದು ಮುಗಿಯುವಷ್ಟರಲ್ಲಿ ಚಕ್ರಗಳು ಒಂದು ಕಡೆ, ಟ್ಯಾಂಕು ಒಂದು ಕಡೆ, ಎಂಜಿನ್ ಒಂದು ಕಡೆ ಆಯಿತು. ಮಾಮಿ ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಹರಿದು ಒಂದೊಂದನ್ನೂ ಸುತ್ತಿ ಕಟ್ಟಿದರು. ಬಾಡಿಗೆ ಮನೆಯ ಬಿಲ್ಡಿಂಗಿನ ವಾಚ್‌ಮನ್ ಅತ್ಯಂತ ದೊಡ್ಡ ಗಂಟನ್ನು ತಟ್ಟಿ, ಇದೇನು ಇಷ್ಟು ಭಾರ ಎಂದು ಕೇಳಿದ. ಮಾಮನ ಮುಖ ಬಿಳುಚಿತು.

"ಗ್ರೈಂಡರ್" ಎಂದರು ಮಾಮಿ ಕಣ್ಣು ಮಿಟುಕಿಸದೆ. "ಹಮ್ ಉಡುಪಿವಾಲೇ ಹೈ. ಹಮಕೋ ಬಡಾ ಲಗತಾ ಹೈ."

ಉಡುಪಿಯವರಂತೆ, ದೊಡ್ಡದೇ ಬೇಕಂತೆ! ನಾನು ಮಾಮನ ಕಡೆ ನೋಡಿದೆ. ಮಾಮ ಮಾಮಿಯ ಕಡೆ ನೋಡುತ್ತಿದ್ದರು. ವಾಚ್‌ಮನ್ ಲಿಫ್ಟಿನ ಬಾಗಿಲು ತೆರೆದ.

ಏಳನೇ ಮಹಡಿಯ ಮನೆ ಚಿಕ್ಕದು. ಹಾಲಿನ ಕಿಟಕಿಯ ಪಕ್ಕದಲ್ಲಿ ಮಾಮಿಯ ತೇಗದ ಕಪಾಟು ನಿಲ್ಲುತ್ತದೆಂದು ಎಲ್ಲರೂ ತಿಳಿದಿದ್ದೆವು. ಅದು ಅವರ ತವರಿನಿಂದ ಬಂದದ್ದು. ಕಪಾಟು ಟೆಂಪೋದಲ್ಲಿ ಇರಲಿಲ್ಲ. ಕೇಳಿದರೆ, ಶಿಂಧೆ ಕಾಕೂಗೆ, ಅವರು ಹೋಗುವ ಮನೆಯಲ್ಲಿ ಇಟ್ಟುಕೊಳ್ಳಲು ಕೊಟ್ಟು ಬಂದಿದ್ದಾರಂತೆ. ಆ ಜಾಗದಲ್ಲಿ ನೆಲದ ಮೇಲೆ ಬ್ಲೌಸಿನ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಉದ್ದಕ್ಕೆ ಒಂದು ಚೌಕ ಎಳೆದಿತ್ತು. ಮೂಲೆಗಳು ನೇರ, ಗೆರೆಗಳು ನೇರ, ಹೊಲಿಗೆಯವರ ಕೈ.

ಮಾಮ ಚಕ್ರಗಳನ್ನು ಆ ಕಡೆಗೊಂದು ಈ ಕಡೆಗೊಂದು ಇಟ್ಟು ನೋಡಿದರು. ಉದ್ದ ಸರಿಯಾಗಿತ್ತು.

"ಅಳತೆ ಯಾವಾಗ ತೆಗೆದದ್ದು?"

"ನೀವು ಡ್ಯೂಟಿಗೆ ಹ್ವಾದಾಗ."

ಮಾಮ ಮೊಣಕಾಲೂರಿ ಕುಳಿತು ಅಗಲವನ್ನು ಗೇಣಿನಿಂದ ಅಳೆದರು. "ಅಗಲ ಹೆಚ್ಚಾಯ್ತಲ್ಲ. ಗಾಡಿಗೆ ಇಷ್ಟೆಲ್ಲ ಜಾಗ ಬೇಡ."

ಮಾಮಿ ಕುಕ್ಕರನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದರು. ತಿರುಗಿ ನೋಡಲಿಲ್ಲ.

"ನಿಮಗ ಕುಂಡ್ರಾಕ ಬ್ಯಾಡೇನು?" ಎಂದರು.