ಟೀವಿಗೆ ಹಾಕಿದ ಹಾರ

ಫೆಬ್ರವರಿ ಹದಿನೆಂಟರಂದು ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಹುಲಿಯೂರುದುರ್ಗದ ಕಥೆಗಾರ ಕರಿಬಸವಯ್ಯನವರು ತಮ್ಮ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿರುವಾಗಲೇ, ಗುಬ್ಬಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ವಿಜ್ಞಾನ ಕೊಠಡಿಯಲ್ಲಿ ನಿಧನರಾದರು. ಶಾಲೆಯ ಕನ್ನಡ ಟೀಚರಾಗಿ ನಾನು ಪಕ್ಕದಲ್ಲೇ ಇದ್ದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ದಾಖಲಿಸುವುದು ನನ್ನ ಕರ್ತವ್ಯವಾಗಿದೆ.

ಲೇಖಕರನ್ನು ವಿಡಿಯೊದಲ್ಲಿ ಶಾಲೆಗೆ ಕರೆಸಿ, ಮಕ್ಕಳಿಗೆ ಕಥೆ ಬರೆಯುವುದನ್ನು ಹೇಳಿಕೊಡಿಸುವ ‘ದೂರಭೇಟಿ’ ಯೋಜನೆ ನಮ್ಮಲ್ಲಿ ಜಾರಿಯಾಗಿ ಎಂಟು ತಿಂಗಳಾಗಿತ್ತು. ಕರಿಬಸವಯ್ಯನವರು ಮೊದಲ ಸಲವೇ, “ಕುಣಿಗಲ್‌ಗೆ ಬಂದು ತುಮಕೂರು ಬಸ್ಸತ್ತಿದ್ರೆ ಊಟದ ಹೊತ್ತಿಗೆ ಗುಬ್ಬೀಲಿರ್ತೀನಿ. ನಾನೇ ಬರ್ತೀನಿ ಬಿಡಿ ಮೇಡಮ್” ಅಂದಿದ್ದರು. ಅದಕ್ಕೆ ಅವಕಾಶವಿಲ್ಲ. ನಿಯಮ ನಾಲ್ಕರ ಪ್ರಕಾರ, ಲೇಖಕರು ಖುದ್ದಾಗಿ ಬಂದಲ್ಲಿ ಅದನ್ನು ಭೇಟಿ ಎಂದು ಪರಿಗಣಿಸತಕ್ಕದ್ದಲ್ಲ.

ನಿಯಮ ಐದು ಅತಿಥಿಸತ್ಕಾರದ್ದು. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಅತಿಥಿ ಪರಿಚಯ, ಮಾಲಾರ್ಪಣೆ, ಅಧ್ಯಕ್ಷರ ಭಾಷಣ ಮತ್ತು ವಂದನಾರ್ಪಣೆ ಕಡ್ಡಾಯ. ಉಳಿದ ಸಮಯದಲ್ಲಿ ಸಾಹಿತ್ಯ. ಮೊದಲ ಭೇಟಿಯಲ್ಲಿ ಲೇಖಕರು “ಮಕ್ಕಳೇ” ಅನ್ನುವಷ್ಟು ಸಮಯ ಉಳಿದಿತ್ತು. ಎರಡನೆಯದರಲ್ಲಿ “ಮಕ್ಕ” ದಾಟಲಿಲ್ಲ.

ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಒಂಬತ್ತನೇ ತರಗತಿಯ ಸಿಂಚನಾ ಒಬ್ಬಳನ್ನು ಬಿಟ್ಟು. ಅವಳು ಒಂದು ಕಥೆ ಬರೆದಿದ್ದಳು. ಅಜ್ಜಿಯೊಬ್ಬಳು ಗುಬ್ಬಿ ಸಂತೆಯಲ್ಲಿ ಮಾರೋಣವೆಂದು ಮೇಕೆಯನ್ನು ಬಸ್ಸಿಗೆ ಹತ್ತಿಸುತ್ತಾಳೆ. ಕಂಡಕ್ಟರು ಮೇಕೆಗೂ ಒಂದು ಟಿಕೆಟ್ ಹರಿಯುತ್ತಾನೆ. ಟಿಕೆಟ್ ಸಿಕ್ಕ ಮೇಲೆ ಮೇಕೆ ಸೀಟು ಬಿಟ್ಟು ಏಳುವುದಿಲ್ಲ. ಕಥೆ ಅಲ್ಲಿಗೆ ನಿಂತುಹೋಗಿತ್ತು.

“ಮಿಸ್, ಸಂತೆ ಬಂತು. ಈಗ ಮೇಕೆ ಇಳೀಬೇಕೋ ಬೇಡ್ವೋ?”

“ನಂಗೂ ಗೊತ್ತಾಗ್ತಿಲ್ಲ ಕಣೇ. ಅವ್ರನ್ನೇ ಕೇಳು.”

“ಕೇಳಕ್ಕೆ ಬಿಟ್ರಲ್ವಾ ಮಿಸ್? ಜೂನ್ ಬಂದ್ರೆ ನಾನು ಟೆಂತು.”

ಅವಳ ಆತಂಕಕ್ಕೆ ಆಧಾರವಿತ್ತು. ಮುಖ್ಯೋಪಾಧ್ಯಾಯರಾದ ಮಹಾಲಿಂಗಯ್ಯನವರ ಆದೇಶದಂತೆ, ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಬಾರದ ಏನನ್ನೂ ಬರೆಯುವಂತಿಲ್ಲ. ಫೆಬ್ರವರಿಯದ್ದು ಆ ವರ್ಷದ ಕೊನೆಯ ಭೇಟಿ.

ಮಾಲಾರ್ಪಣೆಯ ವಿಷಯದಲ್ಲಿ ನಮಗೆ ಹಿಂದೆ ಎರಡು ಸಲ ಛೀಮಾರಿಯಾಗಿತ್ತು. ಹಾರವನ್ನು ಟೀವಿಯ ಮುಂದೆ ಹಿಡಿದು ಫೋಟೊ ಕಳಿಸಿದ್ದಕ್ಕೆ ‘ಅರ್ಪಣೆ ಆಗಿರುವುದು ಕಂಡುಬರುತ್ತಿಲ್ಲ’ ಎಂದು ತುಮಕೂರಿನ ನೋಡಲ್ ಅಧಿಕಾರಿ ಕಾಂತೇಶ್ ಅವರು ಷರಾ ಬರೆದಿದ್ದರು. ಆದ್ದರಿಂದ ಈ ಸಲ ಮಹಾಲಿಂಗಯ್ಯನವರು ತುಮಕೂರಿನ ಶಿರಾ ಗೇಟಿನಲ್ಲಿ ಕೊಂಡು ತಂದ ದಪ್ಪ ಸೇವಂತಿಗೆ ಹಾರವನ್ನು ಟೀವಿಗೇ ಹಾಕಿಬಿಟ್ಟರು. ಮುಂದೆ ದೀಪ ಆಗಲೇ ಉರಿಯುತ್ತಿತ್ತು. ನಮ್ಮ ಅಟೆಂಡರ್ ನರಸಮ್ಮ, “ಈ ಕ್ವಾಣೇಲಿ ಏನೋ ಆಸಿಡ್ ವಾಸ್ನೆ ಕಣ್ರೀ ಮೇಡಮ್ಮೋರೆ” ಎಂದು ಎರಡು ಊದುಬತ್ತಿ ಹಚ್ಚಿಟ್ಟಳು. ಸರಿಯಾಗಿ ಆಗಲೇ ನೆಟ್‌ವರ್ಕ್ ನಿಂತಿತು. ಲೇಖಕರು ಕಾಫಿ ಗುಟುಕಿನ ನಡುವೆ ಕಣ್ಣು ಮುಚ್ಚಿ, ಸ್ವಲ್ಪ ನೀಲಿಯಾಗಿ, ಹಾರದೊಳಗೆ ಶಾಂತವಾಗಿ ನಿಂತುಬಿಟ್ಟರು. ಮಹಾಲಿಂಗಯ್ಯನವರು ಫೋಟೊ ತೆಗೆದು ಜಿಲ್ಲಾ ಗ್ರೂಪಿಗೆ ಹಾಕಿದರು.

ಮೊದಲು ಕಾಂತೇಶ್ ಅವರು ‘ಓಂ ಶಾಂತಿ’ ಅಂದರು. ಅಧಿಕಾರಿಗಳೇ ಅಂದ ಮೇಲೆ ನೂರ ಹನ್ನೆರಡು ಶಾಲೆಗಳೂ ಅಂದವು. ಕುಣಿಗಲ್ ಕಡೆಯ ಒಬ್ಬರು ‘ತುಂಬಲಾರದ ನಷ್ಟ’ ಅಂದರು, ಇನ್ನೊಬ್ಬರು ಮೊನ್ನೆ ತಾನೇ ಬಸ್‌ಸ್ಟಾಂಡಿನಲ್ಲಿ ಸಿಕ್ಕಿದ್ದನ್ನು ನೆನೆದು ಅತ್ತರು. ಒಂದರ ಹಿಂದೆ ಒಂದು ಬರುತ್ತಿದ್ದ ಶಾಂತಿಗಳನ್ನು ನೋಡಿ ಮಹಾಲಿಂಗಯ್ಯನವರೂ ತಡೆಯಲಾರದೆ ‘ಓಂ ಶಾಂತಿ’ ಒತ್ತಿದರು. ಹತ್ತು ನಿಮಿಷದಲ್ಲಿ ಆದೇಶ ಬಂತು: ‘ಸದರಿ ಲೇಖಕರ ನಿಧನದ ಪ್ರಯುಕ್ತ ಎಲ್ಲ ಶಾಲೆಗಳಲ್ಲಿ ಒಂದು ನಿಮಿಷ ಮೌನ ಆಚರಿಸಿ, ಶ್ರದ್ಧಾಂಜಲಿ ಸಭೆ ನಡೆಸಿ, ಮಧ್ಯಾಹ್ನದಿಂದ ರಜೆ ನೀಡತಕ್ಕದ್ದು.’

ನೆಟ್‌ವರ್ಕ್ ವಾಪಸ್ ಬಂತು.

“ಏನ್ ಸಾರ್, ಕೇಳಿಸ್ತಿದೆಯಾ? ಶುರು ಮಾಡ್ಲಾ?” ಎಂದರು ಕರಿಬಸವಯ್ಯ.

“ಅಯ್ಯೋ ಶಿವ್ನೇ, ಮಾತಾಡ್ತವ್ರೆ!” ಅಂದಳು ನರಸಮ್ಮ.

“ಒಂದ್ನಿಮಿಷ ತಡೀರಿ ಸಾರ್, ನಿಮ್ಮ ಮೌನ ಇದೆ” ಎಂದು ಮಹಾಲಿಂಗಯ್ಯನವರು ವಿಷಯ ತಿಳಿಸಿದರು. ಹಿಂದಿನ ಬೆಂಚಿನ ಹುಡುಗರು ರಜೆಯ ಸುದ್ದಿ ಕೇಳಿ ಟೀವಿಗೆ ಕೈಮುಗಿದು, “ತುಂಬಾ ಥ್ಯಾಂಕ್ಸ್ ಸಾರ್” ಅಂದರು.

ಲೇಖಕರು ರೇಗಿದರು. “ಯಾರ್ರೀ ಸತ್ತಿರೋದು? ಎದುರಿಗೇ ಕೂತಿದೀನಲ್ರೀ!”

“ನೀವು ಬದುಕಿದೀರಿ ಅಂತ ವೈಯಕ್ತಿಕವಾಗಿ ನಂಗೆ ನಂಬಿಕೆ ಇದೆ ಸಾರ್. ಆದ್ರೆ ಆರ್ಡರ್ ಬಂದೋಗಿದೆ.”

ಕಾಂತೇಶ್ ಅವರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆವು. ಅವರು ತಾಳ್ಮೆಯಿಂದ ವಿವರಿಸಿದರು: ನಿಧನವನ್ನು ರದ್ದುಪಡಿಸಲು ಮೃತರು ಜೀವಿತ ಪ್ರಮಾಣಪತ್ರದೊಂದಿಗೆ, ನಿಧನ ಸಂಭವಿಸಿದ ಶಾಲೆಯ ಮುಖ್ಯಸ್ಥರ ಮೂಲಕ ಅರ್ಜಿ ಸಲ್ಲಿಸಬೇಕು.

“ಪಿಂಚಣಿಗೆ ಅಂತ ನವೆಂಬರ್‌ನಲ್ಲಿ ಕೊಟ್ಟಿದೀನಲ್ಲ ಸ್ವಾಮಿ!”

“ಅದು ನೀವು ನವೆಂಬರ್‌ನಲ್ಲಿ ಬದುಕಿದ್ದಕ್ಕೆ ಸಾರ್. ಇದು ಫೆಬ್ರವರಿ. ಮೂವತ್ತು ದಿನ ಟೈಮ್ ಕೊಡಿ, ಪರಿಶೀಲಿಸ್ತೀವಿ. ಅಲ್ಲೀವರೆಗೂ ದಯವಿಟ್ಟು ಸಹಕರಿಸಿ.”

ಮಹಾಲಿಂಗಯ್ಯನವರು ವರದಿ ಬರೆಯಲು ಕೂತರು. ಒಂದು ಕಡೆ ಪೆನ್ನು ತಡೆಯಿತು. “ಸಾರ್, ನಿಮ್ಮ ಹೆಸರಿಗೆ ಮುಂಚೆ ದಿವಂಗತ ಅಂತ ಹಾಕ್ಲಾ, ಲಿಂಗೈಕ್ಯ ಅಂತ ಹಾಕ್ಲಾ? ನಿಮ್ಮಿಷ್ಟ.”

ಕರಿಬಸವಯ್ಯನವರು ನಲವತ್ತು ವರ್ಷ ಬರೆದವರು. ಸಾವನ್ನು ಸಹಿಸಿದರೂ ಸವಕಲು ಪದ ಸಹಿಸರು. “ದಿವಂಗತ ಬೇಡ, ಎಲ್ರಿಗೂ ಹಾಕ್ತಾರೆ. ಲಿಂಗೈಕ್ಯ ಅಂತ್ಲೇ ಬರೀರಿ” ಅಂದರು.

ಸಭೆ ಶುರುವಾಯಿತು. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದೆವು. ಲೇಖಕರೂ ತಮ್ಮ ಮನೆಯಲ್ಲಿ ಎದ್ದು ನಿಂತಿದ್ದರು. ಟೀವಿಯಲ್ಲಿ ಅವರ ಪಂಚೆ ಮಾತ್ರ ಕಾಣುತ್ತಿತ್ತು. ಅಷ್ಟಾದ ಮೇಲೆ ಒಂದು ತಾಂತ್ರಿಕ ಅಂಶ ನಮ್ಮ ಗಮನಕ್ಕೆ ಬಂತು. ತೀರಿಹೋದವರಿಗೆ ಸ್ವಾಗತ ಹೇಳುವ ಪದ್ಧತಿಯಿಲ್ಲ. ವಂದನಾರ್ಪಣೆಯಂತೂ ಅಶುಭ. ಅಧ್ಯಕ್ಷರು ಮೃತರ ಕೃತಿಗಳ ಬಗ್ಗೆ ಮಾತಾಡಬೇಕು, ಆದರೆ ನಮ್ಮ ಅಧ್ಯಕ್ಷರಾದ ಮಹಾಲಿಂಗಯ್ಯನವರು ಒಂದನ್ನೂ ಓದಿರಲಿಲ್ಲ. ಗಡಿಯಾರ ನೋಡಿದರೆ ಶ್ರದ್ಧಾಂಜಲಿ ಸಭೆಯ ಒಂದು ಗಂಟೆಯಲ್ಲಿ ಐವತ್ತು ನಿಮಿಷ ಬಾಕಿ. ಯೋಜನೆಯ ಇತಿಹಾಸದಲ್ಲಿ ಅಷ್ಟು ಹೊತ್ತು ಸಾಹಿತ್ಯಕ್ಕೆ ಎಂದೂ ಉಳಿದಿರಲಿಲ್ಲ.

“ಯಾರಾದ್ರೂ ಒಂದೆರಡು ನುಡಿನಮನ ಹೇಳ್ರಪ್ಪಾ” ಎಂದರು ಮಹಾಲಿಂಗಯ್ಯ.

ಸಿಂಚನಾ ಎದ್ದಳು. ನೋಟ್‌ಬುಕ್ ಬಿಡಿಸಿದಳು. “ಅಗಲಿದ ಹಿರಿಯ ಚೇತನಕ್ಕೆ ನಮಸ್ಕಾರ” ಎಂದು ಹೇಳಿ, ಉಸಿರು ತೆಗೆದುಕೊಳ್ಳದೆ ಮೇಕೆಯ ಕಥೆಯನ್ನು ಮೊದಲಿಂದ ಓದಿದಳು. ಯಾರೂ ತಡೆಯಲಿಲ್ಲ. ಶ್ರದ್ಧಾಂಜಲಿಯನ್ನು ನಡುವೆ ನಿಲ್ಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಲಿಂಗೈಕ್ಯ ಕರಿಬಸವಯ್ಯನವರು ಹಾರದ ನಡುವಿಂದ ಮುಂದಕ್ಕೆ ಬಗ್ಗಿ, ಕಿವಿಯನ್ನೇ ಕ್ಯಾಮೆರಾಗೆ ಕೊಟ್ಟಿದ್ದರು.

“ಆಮೇಲೆ?” ಅಂದರು.

“ಅಷ್ಟೇ ಸಾರ್. ಇಳೀಬೇಕೋ ಬೇಡ್ವೋ ಗೊತ್ತಾಗ್ತಿಲ್ಲ.”

“ಇಳೀಬಾರ್ದು ಕಣಮ್ಮ. ಅಜ್ಜಿ ಇಳೀಲಿ, ಮೇಕೆ ಹೋಗ್ಲಿ. ಕಿಟಕೀಲಿ ಅದು ಅಜ್ಜೀನ ನೋಡ್ಬೇಕು, ಅಷ್ಟೇ. ಅಳ್ತು ಗಿಳ್ತು ಅಂತೆಲ್ಲಾ ಬರೀಬೇಡ. ಮತ್ತೆ ಆ ಕಂಡಕ್ಟರ್ ಇದಾನಲ್ಲ, ಭಾಳಾ ಮಾತಾಡ್ತಾನೆ. ಅರ್ಧ ಹೊಡೆದಾಕು.”

ಸಿಂಚನಾ ಅಲ್ಲೇ ನಿಂತು ಹೊಡೆದುಹಾಕಿದಳು. ಆಮೇಲೆ ಇನ್ನೂ ನಾಲ್ವರು ನುಡಿನಮನ ಸಲ್ಲಿಸಿದರು. ಅದರಲ್ಲಿ ಒಂದು ದೆವ್ವದ್ದು. ರಜೆ ಶುರುವಾದದ್ದೂ ಯಾರಿಗೂ ತಿಳಿಯಲಿಲ್ಲ.

ವರದಿ ನೋಡಿ ಕಾಂತೇಶ್ ಅವರು ಫೋನ್ ಮಾಡಿದರು. ‘ಕಾರ್ಯಾಗಾರ ನಡೆದಿದೆಯೇ’ ಎಂಬ ಕಾಲಮಿನಲ್ಲಿ ‘ಹೌದು’ ಎಂದು ಬಂದಿರುವುದು ಇಡೀ ಜಿಲ್ಲೆಯಲ್ಲಿ ಇದೊಂದೇ ಎಂದು ಅಭಿನಂದಿಸಿದರು. ಮುಂದಿನ ವಾರವೇ ತಿದ್ದುಪಡಿ ಬಂತು: ‘ಇನ್ನು ಮುಂದೆ ದೂರಭೇಟಿಗೆ ಆದಷ್ಟೂ ನಿಧನರಾದ ಲೇಖಕರನ್ನೇ ಆಹ್ವಾನಿಸತಕ್ಕದ್ದು. ಜೀವಂತವಾಗಿರುವವರು ಕಾರ್ಯಕ್ರಮದ ಅವಧಿಗೆ ಸೀಮಿತವಾಗಿ ನಿಧನರಾಗಿರುವುದಾಗಿ ಮುಚ್ಚಳಿಕೆ ಬರೆದುಕೊಡತಕ್ಕದ್ದು.’

ಕರಿಬಸವಯ್ಯನವರು ತಮ್ಮ ನಿಧನ ರದ್ದುಪಡಿಸಲು ಕೊಟ್ಟಿದ್ದ ಅರ್ಜಿಯನ್ನು ವಾಪಸ್ ಪಡೆದರು. “ಶುಕ್ರವಾರ ಕುಣಿಗಲ್‌ನಲ್ಲಿ ನನ್ನ ಶ್ರದ್ಧಾಂಜಲಿ ಇದೆ ಮೇಡಮ್, ಶನಿವಾರ ಬೇಕಾದ್ರೆ ನಿಮ್ಗೆ ಸಿಗ್ತೀನಿ” ಅನ್ನುತ್ತಾರೆ. ಬದುಕಿದ್ದಾಗ ಇಷ್ಟು ಜನ ಕರೆದಿರಲಿಲ್ಲವಂತೆ. ಬೇರೆ ಇಬ್ಬರು ಕವಿಗಳು ತಮ್ಮನ್ನೂ ಪರಿಗಣಿಸಬೇಕೆಂದು ಫೋಟೊ ಸಹಿತ ಮನವಿ ಕೊಟ್ಟಿದ್ದಾರೆ.

ಸಿಂಚನಾ ಈಗ ಹತ್ತನೇ ತರಗತಿ. ಅವಳು ಕಥೆ ಬರೆಯುವಂತಿಲ್ಲ. ಸಂತಾಪ ಸೂಚಿಸಲು ಮಾತ್ರ ಯಾವ ಅಡ್ಡಿಯೂ ಇಲ್ಲವೆಂದು ಮಹಾಲಿಂಗಯ್ಯನವರು ಲಿಖಿತವಾಗಿ ಸ್ಪಷ್ಟಪಡಿಸಿದ್ದಾರೆ. ಜೂನ್‌ನಿಂದ ಈಚೆಗೆ ಅವಳು ಏಳು ಸಂತಾಪ ಬರೆದಿದ್ದಾಳೆ. ಕೊನೆಯದರಲ್ಲಿ ಒಂದು ಮದುವೆ ಇದೆ, ಚೆನ್ನಾಗಿ ಬಂದಿದೆ.